ಪೆಟ್ಟಿಗೆಯೇ ಸಹಿ ಮಾಡಲಿ

ನಾನು ಕಾಲೆತ್ತುವುದಿಲ್ಲ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಎಂಜಿನಿಯರ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಅದೇ ಗೆರೆ ತೋರಿಸಿದ. ನೆಟ್ಟಗೆ ಹೋಗುವ ಗೆರೆ, ನಡುವೆ ಒಂದು ಸಣ್ಣ ತಗ್ಗು. ಹನ್ನೆರಡು ಸುತ್ತಿಗೆ ಹನ್ನೆರಡು ತಗ್ಗು, ಎಲ್ಲವೂ ಒಂದೇ ಜಾಗದಲ್ಲಿ. ಆಕ್ಸಿಲರೇಟರ್ ಮೇಲಿನ ನನ್ನ ಬಲಗಾಲು ಅಲ್ಲಿ ಅರ್ಧ ಸೆಕೆಂಡ್ ಮೇಲೆ ಬರುತ್ತದೆ ಎನ್ನುವುದು ಅವನ ವಾದ. ನನಗೆ ಮೈಯೆಲ್ಲ ಉರಿಯಿತು. ದಿನಾ ಹತ್ತು ಜನರಿಗೆ ಕಾಲು ಎಲ್ಲಿಡಬೇಕು ಎಂದು ಕಲಿಸುವವಳು ನಾನು. ನನ್ನ ಕಾಲು ಎಲ್ಲಿದೆ ಎಂದು ನನಗೇ ಗೊತ್ತಿಲ್ಲವೇ?

ನಾವಿದ್ದದ್ದು ಔರಾದ ಹತ್ತಿರದ ಒಂದು ಬೀಳು ಹೊಲದಲ್ಲಿ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಬ್ಯಾಟರಿ ಆಟೊ ಜೋಡಿಸುವ ಸಣ್ಣ ಕಾರ್ಖಾನೆಯ ಮಾಲಕರು ಅದನ್ನು ತಮ್ಮ ಬೀಗರಿಂದ ಕೇಳಿ ಪಡೆದು, ಸುತ್ತ ಗರಸು ಮಣ್ಣು ಹಾಕಿಸಿ, ಓಟದ ಗಾಡಿಯ ತಾಲೀಮಿಗೆ ದಾರಿ ಮಾಡಿಸಿದ್ದರು. ಇನ್ನು ಐದು ವಾರಕ್ಕೆ ಭಾಲ್ಕಿಯ ಹೊರಗೆ ಹೈಬ್ರಿಡ್ ಕಾರುಗಳ ಓಟ. ಏಳು ಗಾಡಿ, ಎಂಟು ಸುತ್ತು, ಮಣ್ಣಿನ ದಾರಿ. ನಮ್ಮದು ಹಳೆಯ ಸಣ್ಣ ಕಾರು. ಮುಂದಿನ ಗಾಲಿಗಳಿಗೆ ಅದರದೇ ಪೆಟ್ರೋಲ್ ಎಂಜಿನ್, ಹಿಂದಿನ ಗಾಲಿಗಳಿಗೆ ನಮ್ಮವರು ಕೂರಿಸಿದ ಕರೆಂಟ್ ಮೋಟರ್, ಹಿಂದಿನ ಸೀಟಿದ್ದ ಜಾಗದಲ್ಲಿ ಬ್ಯಾಟರಿ. ಬ್ಯಾಟರಿ ತುಂಬಿದ್ದರೆ ಮೋಟರ್ ನಲವತ್ತು ಸೆಕೆಂಡಿನಷ್ಟು ಜೋರಾಗಿ ತಳ್ಳುತ್ತದೆ, ಆಮೇಲೆ ಖಾಲಿ. ವೇಗ ಇಳಿಸುವಾಗ ಅದೇ ಮೋಟರ್ ಗಾಡಿಯನ್ನು ಹಿಂದಕ್ಕೆ ಜಗ್ಗಿ ಬ್ಯಾಟರಿ ತುಂಬಿಕೊಳ್ಳುತ್ತದೆ. ಎಲ್ಲಿ ತಳ್ಳಬೇಕು, ಎಲ್ಲಿ ಜಗ್ಗಬೇಕು ಎನ್ನುವುದರಲ್ಲೇ ಓಟದ ಗುಟ್ಟೆಲ್ಲ ಇದೆ. ಅದನ್ನು ತೀರ್ಮಾನಿಸುತ್ತಿದ್ದದ್ದು ಡ್ಯಾಶ್‌ಬೋರ್ಡಿನ ಕೆಳಗಿನ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಅದರೊಳಗಿನ ಸಾಫ್ಟ್‌ವೇರ್ ಬರೆದವನೇ ನಮ್ಮ ಎಂಜಿನಿಯರ್.

ಅವನು ಕಮಠಾಣದವನು, ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಿದ್ದ. ನಾನು ಬೀದರಿನ ಚಿದ್ರಿಯಲ್ಲಿ ಡ್ರೈವಿಂಗ್ ಕ್ಲಾಸ್ ನಡೆಸುವವಳು. ಮಾಲಕರ ಹೆಂಡತಿಗೆ ಕಾರು ಕಲಿಸುವಾಗ ನಾನು ಎರಡು ಸಲ ಮಣ್ಣಿನ ಓಟದಲ್ಲಿ ಓಡಿಸಿದ ಸುದ್ದಿ ಬಂತು, ಅವರು ಮನೆಯಲ್ಲಿ ಹೇಳಿದರು, ಮಾಲಕರು ಕರೆದರು. ಸೀಟು ಸಿಕ್ಕಿದ್ದು ಹೀಗೆ. ಹೈಬ್ರಿಡ್ ಗಾಡಿಗೆ ನಾನು ಕೂತದ್ದು ಅದೇ ಮೊದಲು.

ಪೆಟ್ಟಿಗೆ ನನ್ನ ಕಾಲನ್ನು ನೋಡಿ ದಾರಿ ಕಲಿಯುತ್ತಿತ್ತು. ನಾನು ಪೂರ್ತಿ ಒತ್ತಿದ ಕಡೆ ನೆಟ್ಟನೆಯ ದಾರಿ ಎಂದೂ ಎತ್ತಿದ ಕಡೆ ತಿರುವು ಬಂತೆಂದೂ ಗುರುತು ಹಾಕಿಕೊಳ್ಳುತ್ತಿತ್ತು. ಮುಂದಿನ ಸುತ್ತಿನಲ್ಲಿ ಆ ಜಾಗ ಬರುವ ಮುಂಚೆಯೇ ತಳ್ಳುವುದನ್ನು ಬಿಟ್ಟು ಜಗ್ಗುತ್ತಿತ್ತು. ಮೊದಲ ಐದಾರು ಸುತ್ತು ನಾನೇ ಬೆರಗಾದೆ. ತಿರುವಿನಿಂದ ಹೊರಬರುತ್ತಿದ್ದಂತೆ ಮೋಟರ್ ತಾನಾಗಿ ತಳ್ಳುತ್ತಿತ್ತು. ನಾನು ಸ್ಟೇರಿಂಗ್ ಹಿಡಿದು ಕೂತರೆ ಸಾಕಿತ್ತು. ಭಲೇ ತಮ್ಮಾ ಎಂದು ಬೆನ್ನು ತಟ್ಟಿದ್ದೂ ಉಂಟು. ಆಮೇಲೆ ಶುರುವಾಯಿತು ಕಾಟ. ಉದ್ದನೆಯ ದಾರಿಯ ನಟ್ಟನಡುವೆ, ಎಂಜಿನ್ ಕೂಗುತ್ತಿರುವಾಗ, ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದ ಹಾಗೆ ಗಾಡಿ ತಡೆಯುತ್ತಿತ್ತು. ಪೆಟ್ಟಿಗೆ ಕೆಟ್ಟಿದೆ ಎಂದು ನಾನು, ಕಾಲು ಕೆಟ್ಟಿದೆ ಎಂದು ಅವನು.

ಜಗಳ ಬಿಡಿಸಿದವರು ಮಿಸ್ತ್ರಿ ಚಾಚಾ. ಕಾರ್ಖಾನೆಯ ವೈರಿಂಗ್ ಕೆಲಸವೆಲ್ಲ ಅವರದೇ. ಅವರು ಹೆಲ್ಮೆಟ್ ಹಾಕಿಕೊಂಡು ನನ್ನ ಪಕ್ಕ ಕೂತರು, ದಾರಿ ನೋಡದೆ ನನ್ನ ಕಾಲನ್ನೇ ನೋಡುತ್ತ ಎರಡು ಸುತ್ತು ಬಂದರು. ಇಳಿದು, ಬೀಡಿ ಹಚ್ಚಿ, ಹೊಲದ ಬದುವಿನ ಕಡೆ ಕೈ ತೋರಿಸಿದರು. ಅಲ್ಲಿ ಬೇವಿನ ಮರದ ಕೆಳಗೆ ಹಸಿರು ಬಳಿದ ಒಂದು ಸಣ್ಣ ದರ್ಗಾ.

"ಮೋಟರಿಂದು ಏನೂ ಕಸೂರ್ ಇಲ್ಲ ಬೇಟಾ. ದರ್ಗಾ ಬಂದ್ರ ನಿನ್ನ ಕಾಲು ಸಲಾಂ ಮಾಡ್ತದ."

ನಮ್ಮದು ಔರಾದಿನ ಬೌದ್ಧರ ಮನೆ. ಗುಡಿಗಾಗಲಿ ದರ್ಗಾಕ್ಕಾಗಲಿ ಕೈಮುಗಿಯುವ ರೂಢಿ ನಮ್ಮಲ್ಲಿಲ್ಲ. ಆದರೆ ನಮ್ಮಪ್ಪ ಔರಾದ ಮತ್ತು ಬೀದರ ನಡುವೆ ವರ್ಷಗಟ್ಟಲೆ ಜನರನ್ನು ತುಂಬಿಕೊಂಡು ಜೀಪು ಓಡಿಸಿದವರು. ದಾರಿಯ ಮೇಲೆ ಹನುಮಪ್ಪನ ಗುಡಿ ಬರಲಿ, ಬಸವಣ್ಣನ ಕಟ್ಟೆ ಬರಲಿ, ದರ್ಗಾ ಬರಲಿ, ಒಂದು ಗಳಿಗೆ ಕಾಲು ಸಡಿಲ ಬಿಡುತ್ತಿದ್ದರು. ನಾವು ಯಾಕೆ ಹಾಗೆ ಮಾಡಬೇಕು ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ನಮಗಲ್ಲವ್ವಾ, ಹಿಂದೆ ಕೂತವರಿಗೆ, ಅವರು ಕೈಮುಗಿಯಲು ಒಂದು ಗಳಿಗೆ ಬೇಕಲ್ಲ ಎಂದಿದ್ದರು. ನಾನು ಡ್ರೈವಿಂಗ್ ಕಲಿತದ್ದು ಆ ಜೀಪಿನಲ್ಲಿ, ಆ ದಾರಿಯಲ್ಲಿ. ಈ ರಸ್ತೆಯ ಡ್ರೈವರುಗಳೆಲ್ಲರ ಕಾಲೂ ಹೀಗೇ ಇದೆ. ಅಪ್ಪನ ಆ ಮರ್ಯಾದೆಯನ್ನು ಪೆಟ್ಟಿಗೆ ತಿರುವು ಎಂದು ಬರೆದುಕೊಂಡಿತ್ತು.

ಎಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಮಾರನೇ ದಿನದಿಂದ ಅದು ನಗುವ ವಿಷಯವಾಗಿ ಉಳಿಯಲಿಲ್ಲ.

ಕಾಲೆತ್ತುವುದನ್ನು ಬಿಡು ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ, ಅದು ಅವನ ಒಳ್ಳೆಯತನ. ಬದಲಿಗೆ ಪೆಟ್ಟಿಗೆಗೇ ಹೊಸ ಬುದ್ಧಿ ಹೇಳಿದ. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಕಾಲೆತ್ತಿದರೆ ಲೆಕ್ಕಕ್ಕೆ ಹಿಡಿಯಬೇಡ, ತಳ್ಳುವುದನ್ನು ಮುಂದುವರಿಸು ಎಂದು ಸಾಫ್ಟ್‌ವೇರ್ ತಿದ್ದಿದ. ಕೇಳಲು ಸರಿಯಾಗಿಯೇ ಇತ್ತು. ದರ್ಗಾದ ಮುಂದೆ ನಾನು ಕಾಲು ಸಡಿಲ ಬಿಟ್ಟೆ, ಪೆಟ್ಟಿಗೆ ತಲೆ ಕೆಡಿಸಿಕೊಳ್ಳಲಿಲ್ಲ, ಗಾಡಿ ಸುಯ್ಯೆಂದು ಹೋಯಿತು. ಎಲ್ಲರೂ ಕೈ ತಟ್ಟಿದರು.

ಮೂರನೇ ಸುತ್ತಿನಲ್ಲಿ ಹುಣಸೆ ಮರದ ತಿರುವಿಗೆ ಮೊದಲ ಸಲ ಪೂರ್ತಿ ವೇಗದಲ್ಲಿ ಬಂದೆ. ಅಲ್ಲಿ ನಾನು ಬ್ರೇಕಿಗೆ ಮುಂಚೆ ಒಂದು ಚಣ ಕಾಲೆತ್ತಿ, ಗಾಡಿಯ ಮೂಗು ಭಾರ ಹಿಡಿದ ಮೇಲೆ ಸ್ಟೇರಿಂಗ್ ತಿರುಗಿಸುತ್ತೇನೆ. ಗರಸಿನ ಮೇಲೆ ಹಾಗೇ ತಿರುಗಿಸಬೇಕು. ಕಾಲೆತ್ತಿದೆ. ಗಾಡಿ ಸಡಿಲಾಗಲಿಲ್ಲ. ಹಿಂದಿನ ಗಾಲಿಗಳು ತಳ್ಳುತ್ತಲೇ ಇದ್ದವು. ಸ್ಟೇರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಆಮೇಲೆ ಹಿಂಭಾಗ ಒಮ್ಮೆಲೇ ಕೊಚ್ಚಿಕೊಂಡು ಹೋಗಿ ಸುತ್ತು ಹೊಡೆದು ಗಾಡಿ ಪಕ್ಕದ ತೊಗರಿ ಹೊಲದಲ್ಲಿ ನಿಂತಿತು. ಕಾಯಿ ಕಟ್ಟಿದ ತೊಗರಿಯ ಮೂರು ಸಾಲು ಮಲಗಿತ್ತು. ನನಗೆ ಪೆಟ್ಟಾಗಲಿಲ್ಲ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ಹದಿನಾರು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ನಾನು ಕಾಲೆತ್ತಿದ ಮೇಲೂ ಮುಂದಕ್ಕೆ ತಳ್ಳಿದ ಗಾಡಿ ಅದೊಂದೇ.

ಎಂಜಿನಿಯರ್ ಗೆರೆ ತೋರಿಸಿದ. ಬ್ರೇಕ್ ಮುಟ್ಟಿದ್ದರೆ ಪೆಟ್ಟಿಗೆ ತಕ್ಷಣ ಬಿಡುತ್ತಿತ್ತು, ನೀವು ಬ್ರೇಕ್ ಮುಟ್ಟುವುದು ತಡವಾಯಿತು ಎಂದ. ಮಾಲಕರು ಗೆರೆಯನ್ನೂ ನನ್ನನ್ನೂ ನೋಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅರ್ಧ ತಮಾಷೆಯಾಗಿ, ಅರ್ಧ ನಿಜವಾಗಿ ಅಂದರು. ಆಮೇಲೆ ತಮಾಷೆ ಬಿಟ್ಟು ವಿಷಯಕ್ಕೆ ಬಂದರು. ಅವರಿಗೆ ಓಟದ ಕಪ್ಪಿಗಿಂತ ಪೆಟ್ಟಿಗೆ ಮುಖ್ಯ. ಅದನ್ನೇ ನಾಳೆ ತಮ್ಮ ಬ್ಯಾಟರಿ ಆಟೊಗಳಿಗೆ ಕೂರಿಸಬೇಕೆಂದಿದ್ದಾರೆ, ಭಾಲ್ಕಿಯಲ್ಲಿ ನಾಲ್ಕು ಜನ ಅದರ ಕೆಲಸ ನೋಡಬೇಕು. ಹೈದರಾಬಾದಿನಲ್ಲಿ ಇಂಥ ಪೆಟ್ಟಿಗೆಯ ಗಾಡಿ ಓಡಿಸಿ ರೂಢಿಯಿದ್ದ ಒಬ್ಬ ಡ್ರೈವರ್ ಇದ್ದಾನೆ, ಕರೆದರೆ ಬರುತ್ತಾನೆ. ನಿನಗೆ ಹೊಂದಿಕೊಳ್ಳಲು ಆಗದಿದ್ದರೆ ಈಗಲೇ ಹೇಳು ಎಂದರು.

ಅಂದರೆ ಸೀಟು ಹೋಗುತ್ತದೆ ಎಂದಾಯಿತು. ಆ ಸೀಟು ನನಗೆ ಎಷ್ಟು ಬೇಕಾಗಿತ್ತು ಎಂದು ಅವತ್ತು ತಿಳಿಯಿತು. ಕ್ಲಾಸಿನಲ್ಲಿ ಜೀವಮಾನವಿಡೀ ಬೇರೆಯವರ ಪಕ್ಕದಲ್ಲಿ ಎಡಗಡೆ ಕೂತವಳು ನಾನು. ಬಲಗಡೆ ಕೂತು ನನ್ನ ಇಷ್ಟದ ವೇಗದಲ್ಲಿ ಹೋಗುವ ಜಾಗ ಅದೊಂದೇ ಇತ್ತು. ಅದನ್ನು ಬಿಡುವ ಮಾತೇ ಇರಲಿಲ್ಲ, ಪೆಟ್ಟಿಗೆಗೆ ತಲೆಬಾಗುವ ಮಾತೂ ಇರಲಿಲ್ಲ.

ನನ್ನ ಬೇಡಿಕೆ ಸರಳವಾಗಿತ್ತು. ತಳ್ಳುವುದು ನನ್ನ ಬೆರಳಿನ ಹತೋಟಿಯಲ್ಲಿರಬೇಕು. ಜಗ್ಗುವುದು ಬ್ರೇಕ್ ಒತ್ತಿದಾಗ ಮಾತ್ರ. ಬರೀ ಕಾಲೆತ್ತಿದರೆ ಏನೂ ಆಗಬಾರದು. ಎಂಜಿನಿಯರ್‌ಗೆ ಇದು ನುಂಗಲಾರದ ತುತ್ತಾಯಿತು. ಅವನು ಎಂಟು ತಿಂಗಳು ಕೂತು ಬರೆದ ಕೆಲಸ ಅದು. ಕಂಪ್ಯೂಟರಿನೊಳಗೆ ಸಾವಿರಾರು ಸುತ್ತು ಓಡಿಸಿ ನೋಡಿದ್ದ. ಮನುಷ್ಯರ ತಲೆ ಅಷ್ಟು ಲೆಕ್ಕ ಹಾಕಲಾರದು ಎಂದ. ಆಮೇಲೆ ಸರಿಯಾಗಿ ಚುಚ್ಚುವ ಮಾತೊಂದನ್ನು ಆಡಿದ.

"ಅಕ್ಕಾ, ನಿಮ್ಮ ಕ್ಲಾಸಿನ ಗಾಡಿದಾಗ ನಿಮ್ಮ ಕಾಲಾಗ ಎರಡನೇ ಬ್ರೇಕ್ ಅದ. ಕಲಿಯೋರು ತಪ್ಪು ಮಾಡಿದ್ರ ನೀವು ಒತ್ತಲ್ಲೇನ್ರಿ? ನನ್ನ ಪೆಟ್ಟಿಗೀನೂ ಅಷ್ಟೇ."

ಮಾತು ನಾಟಿತು. ನಾನು ಒತ್ತುತ್ತೇನೆ, ಎಷ್ಟೋ ಸಲ ಅನವಶ್ಯಕವಾಗಿಯೂ ಒತ್ತಿದ್ದೇನೆ. ಪದೇ ಪದೇ ಒತ್ತಿದರೆ ಕಲಿಯುವವರು ತಾವು ಬ್ರೇಕ್ ಹಾಕುವುದನ್ನೇ ಬಿಟ್ಟುಬಿಡುತ್ತಾರೆ ಎನ್ನುವುದೂ ನನಗೆ ಗೊತ್ತು. ಆದರೂ ಉತ್ತರ ಕೊಟ್ಟೆ.

"ನಾ ಒತ್ತಿದಾಗ ಯಾಕ ಒತ್ತಿದೆ ಅಂತ ಬಾಯಿ ಬಿಟ್ಟು ಹೇಳ್ತೇನಿ ತಮ್ಮಾ. ಅವರು ನನಗ ಬೈಲಿಕ್ಕೂ ಬರ್ತದ. ನಿನ್ನ ಪೆಟ್ಟಿಗೀಗಿ ನಾ ಯಾವ ಭಾಷಾದಾಗ ಬೈಲಿ?"

ಚಾಚಾ ನಕ್ಕರು. ಮಾಲಕರು ಮಾತ್ರ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರು. ಎರಡೂ ಇರಲಿ, ಒಂದು ಸ್ವಿಚ್ ಹಾಕಿ, ಭಾಲ್ಕಿಯಲ್ಲಿ ನೋಡೋಣ ಎಂದರು. ಅಲ್ಲಿಯವರೆಗೆ ಹೈದರಾಬಾದಿನವನನ್ನು ಕರೆಯುವುದಿಲ್ಲ ಎಂದೂ ಹೇಳಿದರು.

ಚಾಚಾ ಮೊದಲು ಕಾರ್ಖಾನೆಯಲ್ಲಿ ರಾಶಿ ಬಿದ್ದಿದ್ದ ಬ್ಯಾಟರಿ ಆಟೊದ ಹ್ಯಾಂಡಲ್ ಹಿಡಿಯೊಂದನ್ನು ತಂದು ಗೇರಿನ ಪಕ್ಕ ಕೂರಿಸಿದರು. ತಿರುವಿದರೆ ಮೋಟರ್ ತಳ್ಳುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಂದೇ ದಿನಕ್ಕೆ ಅದು ಬೇಡವಾಯಿತು. ಎಡಗೈ ಹಿಡಿಯ ಮೇಲಿದ್ದರೆ ಗೇರ್ ಬದಲಿಸುವವರು ಯಾರು? ಎರಡು ಸಲ ಗೇರ್ ತಪ್ಪಿ ಎಂಜಿನ್ ಬಾಯಿ ಬಡಿದುಕೊಂಡಿತು. ಎರಡನೆಯ ಸಲ ಅವರು ಬ್ಯಾಟರಿ ಸೈಕಲ್ಲಿಗೆ ಹಾಕುವ, ಹೆಬ್ಬೆರಳಿನಿಂದ ಒತ್ತುವ ಕಡ್ಡಿ ಹುಡುಕಿ ತಂದರು. ಅದನ್ನು ಸ್ಟೇರಿಂಗಿಗೇ ಬಿಗಿದರು. ಸ್ಟೇರಿಂಗ್ ಸುತ್ತಿದಾಗ ವೈರು ಹರಿಯಬಾರದಲ್ಲ, ಅದಕ್ಕೆ ಹಳೆಯ ಟೆಲಿಫೋನಿನ ಸುರುಳಿ ವೈರು ಹಾಕಿದರು. ಅದು ಜಗ್ಗಿದಷ್ಟು ಉದ್ದವಾಗುತ್ತದೆ, ಬಿಟ್ಟರೆ ಮುದುಡಿಕೊಳ್ಳುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ ಎಂದು ತೋರಿಸುವ ಸಣ್ಣ ಮೀಟರೊಂದು ಕಣ್ಣೆದುರು ಬಂತು. ಸಾಫ್ಟ್‌ವೇರಿನಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟವನು ಎಂಜಿನಿಯರೇ. ಮುಖ ಗಂಟಿಕ್ಕಿಕೊಂಡೇ ಮಾಡಿದ, ಆದರೆ ಅಚ್ಚುಕಟ್ಟಾಗಿ ಮಾಡಿದ.

ನಾನು ಗೆದ್ದೆನೆಂದು ಯಾರೂ ತಿಳಿಯಬಾರದು. ಔರಾದಿನ ಆ ದಾರಿಯಲ್ಲಿ ಪೆಟ್ಟಿಗೆಯ ಹತ್ತು ಸುತ್ತು, ನನ್ನ ಹೆಬ್ಬೆರಳಿನ ಹತ್ತು ಸುತ್ತು ಓಡಿಸಿದೆ, ಎಂಜಿನಿಯರ್ ಗಡಿಯಾರ ನೋಡಿ ಹೊತ್ತು ಬರೆದುಕೊಂಡ. ಪೆಟ್ಟಿಗೆಯೇ ಮುಂದೆ ಬಂತು, ಸುತ್ತಿಗೆ ಸುಮಾರು ಎರಡು ಸೆಕೆಂಡ್. ನನ್ನದು ಆಸೆಬುರುಕ ಹೆಬ್ಬೆರಳು. ಉದ್ದನೆಯ ದಾರಿ ಕಂಡರೆ ಒತ್ತಿಬಿಡುತ್ತಿತ್ತು, ಏರು ಬರುವ ಹೊತ್ತಿಗೆ ಮೀಟರಿನ ಮುಳ್ಳು ಕೆಳಗೆ ಮಲಗಿರುತ್ತಿತ್ತು. ಎಂಜಿನಿಯರ್ ಹೊತ್ತು ಬರೆದ ಕಾಗದವನ್ನು ನನ್ನ ಮುಂದಿಟ್ಟು ಹೋದ. ಅವನು ಎರಡು ಮಾತು ಅಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮುಂದಿನ ಮೂರು ವಾರ ಬೆಳಗಿನ ಕ್ಲಾಸ್ ಮುಗಿಸಿ ದಿನ ಬಿಟ್ಟು ದಿನ ಔರಾದಿಗೆ ಹೋದೆ. ಎಲ್ಲೆಲ್ಲಿ ಎಷ್ಟು ಒತ್ತಬೇಕು ಎಂದು ಬಾಯಲ್ಲೇ ಎಣಿಸಿ ಕಲಿತೆ. ಹುಣಸೆ ತಿರುವಿನ ಆಚೆ ಆರು ಎಣಿಸುವಷ್ಟು, ಏರಿಗೆ ಹತ್ತು, ಕೊನೆಯ ದಾರಿಗೆ ಎಂಟು. ಚಿದ್ರಿಯ ಓಣಿಯಲ್ಲಿ ಕಲಿಯುವವರ ಪಕ್ಕ ಕೂತಾಗಲೂ ಹೆಬ್ಬೆರಳು ತೊಡೆಯ ಮೇಲೆ ಎಣಿಸುತ್ತಿತ್ತು. ಎರಡು ಸೆಕೆಂಡ್ ಒಂದಕ್ಕಿಳಿಯಿತು, ಒಂದಕ್ಕಿಂತ ಕೆಳಗೆ ಇಳಿಯಲಿಲ್ಲ. ಖಾಲಿ ದಾರಿಯಲ್ಲಿ ಪೆಟ್ಟಿಗೆ ನನಗಿಂತ ಜಾಣ, ಒಪ್ಪಿಕೊಂಡೆ. ಆದರೆ ಭಾಲ್ಕಿಯ ದಾರಿ ಖಾಲಿ ಇರುವುದಿಲ್ಲ ಎಂದು ಹೇಳುತ್ತಲೇ ಇದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾಲ್ಕಿಯಲ್ಲಿ ಓಟದ ಹಿಂದಿನ ದಿನ ತಾಲೀಮಿಗೆ ನಾಲ್ಕೇ ಸುತ್ತು ಕೊಟ್ಟರು, ಅದೂ ಎಲ್ಲ ಏಳು ಗಾಡಿಗಳಿಗೂ ಒಟ್ಟಿಗೆ. ಮಾಲಕರು ಪೆಟ್ಟಿಗೆಯ ಕಡೆ ಸ್ವಿಚ್ ಹಾಕಿಸಿದರು. ಅಲ್ಲಿಯದು ಎರೆ ಮಣ್ಣು, ಒಣಗಿ ಹುಡಿಯಾಗಿತ್ತು. ಮುಂದಿನ ಗಾಡಿ ಎಬ್ಬಿಸಿದ ಧೂಳಿನಲ್ಲಿ ನಮ್ಮ ಗಾಡಿಯ ಮೂಗೇ ನನಗೆ ಕಾಣಲಿಲ್ಲ. ಕಾಣದಿದ್ದಾಗ ಕಾಲೆತ್ತಬೇಕು, ಎತ್ತಿದೆ. ಧೂಳು ಸರಿದಾಗ ಒತ್ತಿದೆ. ಮತ್ತೆ ಧೂಳು, ಮತ್ತೆ ಎತ್ತಿದೆ. ಪೆಟ್ಟಿಗೆ ಅದೆಲ್ಲವನ್ನೂ ಶ್ರದ್ಧೆಯಿಂದ ಕಲಿತುಕೊಂಡಿತು. ನಾಲ್ಕನೇ ಸುತ್ತಿನಲ್ಲಿ ಮುಂದೆ ಯಾರೂ ಇಲ್ಲದ ನೆಟ್ಟನೆಯ ದಾರಿಯಲ್ಲಿ ಮೂರು ಕಡೆ ಜಗ್ಗಿತು. ತಿರುವಿನ ನಡುವೆ, ನಾನು ಬೇಡವೆಂದಾಗ, ತಳ್ಳಿತು. ಹಿಂದಿನ ಗಾಲಿ ಜಾರಿ, ದಾರಿಯಂಚಿಗೆ ಕಟ್ಟೆಯಾಗಿ ಪೇರಿಸಿದ್ದ ಟೈರುಗಳಿಗೆ ಒಂದು ಗೇಣು ದೂರದಲ್ಲಿ ಹಿಡಿತಕ್ಕೆ ಬಂತು.

ಇಳಿದು ನೇರ ಹೋಗಿ ನಲ್ಲಿಯ ಕೆಳಗೆ ಮುಖ ಒಡ್ಡಿದೆ. ಹಿಂದಿರುಗುವಷ್ಟರಲ್ಲಿ ಓಟದ ತಪಾಸಣೆಯವರು ಬಂದು ಕೂತಿದ್ದರು. ಮೇಜಿನ ಮೇಲೆ ಒಂದು ಫಾರಂ. ಮೋಟರ್ ಯಾರ ಹತೋಟಿಯಲ್ಲಿ ಎನ್ನುವ ಮುಂದೆ ಎರಡು ಚೌಕ, ಚಾಲಕ ಅಥವಾ ಸಾಫ್ಟ್‌ವೇರ್. ಒಂದಕ್ಕೆ ಗುರುತು ಹಾಕಬೇಕು. ಆಮೇಲೆ ಅವರು ಪೆಟ್ಟಿಗೆಗೂ ಸ್ವಿಚ್ಚಿಗೂ ತಂತಿ ಬಿಗಿದು ಸೀಲು ಒತ್ತುತ್ತಾರೆ, ಓಟ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಕೆಳಗೆ ಒಂದು ಸಾಲು: ಗಾಡಿಯ ವೇಗಕ್ಕೂ ಹತೋಟಿಗೂ ನಾನೇ ಹೊಣೆ. ಅದರಡಿ ಚಾಲಕರ ಸಹಿ. ಸಾಫ್ಟ್‌ವೇರ್ ಎಂದು ಗುರುತು ಹಾಕಿದರೆ ಅದನ್ನು ಬರೆದವರ ಸಹಿಯೂ ಬೇಕು.

ಮಾಲಕರು ಪೆನ್ನು ನನ್ನ ಕೈಗೆ ಕೊಟ್ಟು ಸಾಫ್ಟ್‌ವೇರ್ ಚೌಕವನ್ನು ಬೆರಳಿನಿಂದ ತೋರಿಸಿದರು. "ಸಹಿ ಮಾಡು ತಂಗಿ, ಹೊತ್ತಾಗ್ಲತ್ತದ."

ಆ ಸಾಲನ್ನು ನಾನು ಎರಡು ಸಲ ಓದಿದೆ.

"ಓಡಸೋದು ಪೆಟ್ಟಿಗಿ, ಹೊಣಿ ನಂದಾ? ಹಂಗಿದ್ರ ಪೆಟ್ಟಿಗೀನೇ ಸಹಿ ಮಾಡ್ಲಿ, ಮಾಲಕರ."

ಅವರ ಮುಖ ಕೆಂಪಾಯಿತು. ನಾಲ್ಕು ಜನರ ಎದುರಿಗೆ ಮರ್ಯಾದೆ ತೆಗೆಯುತ್ತೀಯಾ ಎಂದು ತಗ್ಗಿದ ದನಿಯಲ್ಲಿ ಬೈದರು. ಹೈದರಾಬಾದಿನವನು ಫೋನ್ ಮಾಡಿದರೆ ಬೆಳಗಾಗುವುದರೊಳಗೆ ಬಂದು ತುಟಿ ಪಿಟಕ್ಕೆನ್ನದೆ ಸಹಿ ಹಾಕುತ್ತಾನೆ ಎಂದರು. ಚಾಲಕರ ಹೆಸರು ಬದಲಿಸಲು ಮರುದಿನ ಬೆಳಗಿನವರೆಗೆ ಅವಕಾಶವಿತ್ತು, ಅದು ನನಗೂ ಗೊತ್ತಿತ್ತು.

"ಕರೀರಿ. ನಾ ಎದ್ದು ಹೋಗ್ತೇನಿ. ಆದ್ರ ಕಾಲೆತ್ತಿದ ಮ್ಯಾಲೂ ಮುಂದ ತಳ್ಳೋ ಗಾಡಿಗಿ ನಾ ಹೊಣಿ ಅಂತ ಬರದು ಕೊಡಂಗಿಲ್ಲ."

ಮಾಲಕರು ಜೇಬಿನಿಂದ ಫೋನ್ ತೆಗೆದೇ ಬಿಟ್ಟರು. ಐದು ವಾರದ ಬೆವರು, ಆ ಸೀಟು, ಎಲ್ಲ ಆ ಫೋನಿನಲ್ಲಿತ್ತು. ಆಗ ಫಾರಂನ ಎರಡನೆಯ ಸಹಿಯ ಜಾಗ ಕಣ್ಣಿಗೆ ಬಿತ್ತು. ಎಂಜಿನಿಯರ್ ಲ್ಯಾಪ್‌ಟಾಪ್ ಎದೆಗವಚಿಕೊಂಡು ಹಿಂದೆ ನಿಂತಿದ್ದ. ಪೆನ್ನನ್ನು ಅವನ ಕಡೆ ಚಾಚಿದೆ.

"ತಮ್ಮಾ, ಇಲ್ಲಿ ನಿಂದೂ ಸಹಿ ಬೇಕಂತ. ಮೊದಲ ನೀ ಹಾಕು. ನೀ ಹಾಕಿದ್ರ ನಾನೂ ಹಾಕ್ತೇನಿ, ಪೆಟ್ಟಿಗೀನೇ ಓಡಸ್ಲಿ."

ಹೇಳಿದ ಮೇಲೆ ನನಗೇ ದಿಗಿಲಾಯಿತು. ಅವನು ಹಾಕಿಬಿಟ್ಟರೆ ನನ್ನ ಮಾತು ನಾನು ಉಳಿಸಿಕೊಳ್ಳಬೇಕಿತ್ತು. ಅವನು ಪೆನ್ನು ತೆಗೆದುಕೊಂಡ. ಬಗ್ಗಿ ಆ ಸಾಲನ್ನು ಓದಿದ. ಸಹಿ ಹಾಕದೆ ಲ್ಯಾಪ್‌ಟಾಪ್ ತೆರೆದು, ಆ ದಿನದ ನಾಲ್ಕು ಸುತ್ತಿನ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದ. ನಾಲ್ಕೂ ನಾಲ್ಕು ತರಹ ಇದ್ದವು. ಮಾಲಕರು ಫೋನ್ ಹಿಡಿದೇ ಕಾಯುತ್ತಿದ್ದರು, ತಪಾಸಣೆಯವರು ಗಡಿಯಾರ ನೋಡಿದರು.

"ಔರಾದಿಂದು ಇದಕ್ಕ ಪೂರಾ ಗೊತ್ತದ್ರಿ. ಇಲ್ಲೀದು ಗೊತ್ತಿಲ್ಲ" ಎಂದ, ಮಾಲಕರ ಕಡೆ ತಿರುಗಿ. "ನಾನೇ ಬರ್ದೀನಿ, ನನಗೇ ಗೊತ್ತದ. ನಾ ಸಹಿ ಹಾಕಲ್ರಿ."

ಚಾಲಕ ಎನ್ನುವ ಚೌಕಕ್ಕೆ ಗುರುತು ಹಾಕಿದವನೂ ಅವನೇ. ನಾನು ಸಹಿ ಮಾಡಿದೆ. ಅಕ್ಷರ ಸೊಟ್ಟಗಾಯಿತು. ಮಾಲಕರು ಫೋನನ್ನು ಜೇಬಿಗಿಟ್ಟರು. ಕಮಠಾಣದವರ ಹಟವೂ ಔರಾದಿನವರ ಹಟವೂ ಒಂದು ಕಡೆ ಸೇರಿದರೆ ಮನೆ ಹಾಳು ಎಂದರು. ಆಮೇಲೆ ನನಗೊಬ್ಬಳಿಗೇ ಕೇಳಿಸುವ ಹಾಗೆ, ನಾಳೆ ಮುಖ ಉಳಿಯುವ ಹಾಗೆ ಓಡಿಸು, ಇಲ್ಲದಿದ್ದರೆ ಈ ಸೀಟಿನ ಆಸೆ ಬಿಡು ಎಂದರು. ಸಂಜೆ ಎಂಜಿನಿಯರ್‌ಗೆ ಚಹಾ ಕುಡಿಸಿದೆ. ಅವನು ಅರ್ಧ ಕಪ್ಪು ಕುಡಿದು ಎದ್ದು ಹೋದ. ಎಂಟು ತಿಂಗಳ ಕೆಲಸವನ್ನು ಓಟದ ಹಿಂದಿನ ದಿನ ಬದಿಗಿಟ್ಟವನಿಗೆ ಚಹಾ ರುಚಿಸುವುದಾದರೂ ಹೇಗೆ?

ಓಟ ಬೆಳಿಗ್ಗೆ ಹತ್ತಕ್ಕೆ. ಈಗ ನಾನು ದೊಡ್ಡ ಕತೆ ಹೇಳಬಹುದು, ಆದರೆ ನಡೆದದ್ದು ಬೇರೆ. ಬಾವುಟ ಬಿದ್ದ ಕೂಡಲೇ ಮೂರು ವಾರ ಎಣಿಸಿದ್ದೆಲ್ಲ ಮರೆತುಹೋಯಿತು. ಹೆಬ್ಬೆರಳು ಕಡ್ಡಿಯ ಮೇಲೆ ಕೂತದ್ದು ಏಳಲೇ ಇಲ್ಲ. ಮೊದಲ ತಿರುವಿಗೆ ಎರಡನೆಯವಳಾಗಿದ್ದೆ. ಜನ ಕೂಗುವುದು ಹೆಲ್ಮೆಟ್ಟಿನೊಳಗೂ ಕೇಳಿಸಿತು. ಸುತ್ತು ಮುಗಿಯುವಷ್ಟರಲ್ಲಿ ಮೀಟರ್ ಖಾಲಿ. ನಾಲ್ಕು ಗಾಡಿ ಒಂದರ ಹಿಂದೊಂದು ನನ್ನನ್ನು ದಾಟಿದವು. ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಜೋರಾಗಿ ಬೈದುಕೊಂಡೆ. ಆರನೆಯವಳಾಗಿ ಧೂಳು ತಿನ್ನುತ್ತ ಹಿಂದೆ ಬಿದ್ದೆ.

ಅಲ್ಲಿಂದ ಕೆಲಸ ಶುರುವಾಯಿತು. ಎರಡು ಸುತ್ತು ಕಡ್ಡಿಯನ್ನು ಮುಟ್ಟಲಿಲ್ಲ. ತಿರುವಿಗೆ ಮುಂಚೆಯೇ ಬ್ರೇಕ್ ಒತ್ತಿ ಒತ್ತಿ ತುಂಬಿಸಿಕೊಂಡೆ, ಮುಳ್ಳು ನಿಧಾನಕ್ಕೆ ಮೇಲೆದ್ದಿತು. ಧೂಳು ಬಂದಾಗ ಕಾಲೆತ್ತಿದೆ. ಗಾಡಿ ಜಗ್ಗಲಿಲ್ಲ, ತಳ್ಳಲಿಲ್ಲ, ತನ್ನ ಪಾಡಿಗೆ ಉರುಳಿತು. ಅದೆಷ್ಟು ಸುಖ ಎಂದು ಹೇಳಿದರೆ ಗಾಡಿ ಓಡಿಸುವವರಿಗೆ ಮಾತ್ರ ಗೊತ್ತಾಗುತ್ತದೆ. ಐದನೇ ಸುತ್ತಿನ ಉದ್ದನೆಯ ದಾರಿಯಲ್ಲಿ, ನನ್ನ ಮುಂದಿದ್ದ ಎರಡು ಗಾಡಿಗಳಲ್ಲಿ ಆಚೆಯದು ನಡುದಾರಿಯಲ್ಲೇ ಒಮ್ಮೆಲೇ ಮಂದವಾಯಿತು. ಅದು ಸಾಫ್ಟ್‌ವೇರ್ ಓಡಿಸುವ ಗಾಡಿ. ಧೂಳಿನಲ್ಲಿ ಏನು ಕಲಿತಿತ್ತೋ, ತಿರುವಿಲ್ಲದ ಕಡೆ ತಿರುವು ಕಂಡು ಜಗ್ಗಿತು. ಅದರ ಹಿಂದೆ ಅಂಟಿಕೊಂಡಿದ್ದ ಗಾಡಿ ಗಾಬರಿಯಲ್ಲಿ ಬ್ರೇಕ್ ಹಾಕಿತು. ಎಡಗಡೆ ಒಂದು ಗಾಡಿ ಹಿಡಿಯುವಷ್ಟು ಜಾಗವಿತ್ತು. ಹೆಬ್ಬೆರಳು ಒತ್ತಿದೆ, ಹತ್ತು ಎಣಿಸಿದೆ, ಎರಡನ್ನೂ ದಾಟಿದೆ. ಆಮೇಲೆ ಮೂರನೆಯವನನ್ನು ಕೊನೆಯವರೆಗೆ ಅಟ್ಟಿಸಿಕೊಂಡು ಹೋದರೂ ಹಿಡಿಯಲಾಗಲಿಲ್ಲ. ಏಳರಲ್ಲಿ ನಾಲ್ಕನೆಯವಳಾಗಿ ಮುಗಿಸಿದೆ.

ಇಳಿದಾಗ ಮಾಲಕರು ನಗಲಿಲ್ಲ. ಪೆಟ್ಟಿಗೆಯೇ ಓಡಿಸಿದ್ದರೆ ಮೊದಲ ಸುತ್ತಿನಲ್ಲಿ ಬ್ಯಾಟರಿ ಹೀಗೆ ಬರಿದಾಗುತ್ತಿರಲಿಲ್ಲ, ಮೂರನೆಯ ಜಾಗ ಸಿಗುತ್ತಿತ್ತು ಎಂದರು. ಸಿಗುತ್ತಿತ್ತೇನೋ.

ತಪಾಸಣೆಯವರು ಸೀಲು ಬಿಚ್ಚಿ ಪ್ರತಿ ಗಾಡಿಯ ದಾಖಲೆ ನೋಡುತ್ತ ಬಂದರು. ಓಟದಲ್ಲಿ ಕಂಡ ದೋಷ, ಅದಕ್ಕೆ ಕಾರಣ ಎಂದು ಬರೆದುಕೊಳ್ಳುವ ಕಾಗದ ಅವರ ಕೈಯಲ್ಲಿತ್ತು. ನಮ್ಮ ಪಕ್ಕದಲ್ಲಿ ನಿಂತದ್ದು ನಡುದಾರಿಯಲ್ಲಿ ಮಂದವಾದ ಅದೇ ಗಾಡಿ. ಐದನೇ ಸುತ್ತಿನಲ್ಲಿ ಏನಾಯಿತು ಎಂದು ಅದರ ಡ್ರೈವರನ್ನು ಕೇಳಿದರು. ಅವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕೈ ಕೊಡವಿದ. ತನಗೇನು ಗೊತ್ತು, ಲ್ಯಾಪ್‌ಟಾಪಿನವರನ್ನು ಕೇಳಿ ಎಂದ. ಇಪ್ಪತ್ತೈದರ ಒಳಗಿನವನು, ಚೆನ್ನಾಗಿ ಓಡಿಸುವವನು. ತನ್ನ ಓಟದ ಬಗ್ಗೆ ಹೇಳಲು ಅವನ ಬಳಿ ಒಂದು ಮಾತೂ ಇರಲಿಲ್ಲ. ನನಗೆ ಅವನನ್ನು ಕಂಡು ಪಾಪ ಎನಿಸಿತು.

ಆಮೇಲೆ ನಮ್ಮ ಸರದಿ. ಮೊದಲ ಸುತ್ತಿನಲ್ಲೇ ಬ್ಯಾಟರಿ ಪೂರ್ತಿ ಬರಿದಾಗಿದೆ, ಸಾಫ್ಟ್‌ವೇರ್ ದೋಷವೇ ಎಂದು ತಪಾಸಣೆಯವರು ಮಾಲಕರನ್ನು ಕೇಳಿದರು. ಮಾಲಕರು ಎಂಜಿನಿಯರ್ ಕಡೆ ನೋಡಿದರು. ಎಂಜಿನಿಯರ್ ಬಾಯಿ ತೆರೆಯುವ ಮುಂಚೆ ನಾನು ನಡುವೆ ಬಂದೆ.

"ಸಾಫ್ಟ್‌ವೇರಿಂದು ಏನೂ ತಪ್ಪಿಲ್ರಿ. ಬ್ಯಾಟರಿ ಖಾಲಿ ಮಾಡಿದ್ದು ನಾ. ಬರಕೋರಿ. ಐದನೇ ಸುತ್ತಿನ್ಯಾಗ ಎರಡು ಗಾಡಿ ಹಿಂದ ಹಾಕಿದ್ದೂ ನಾನೇ. ಅದೂ ಬರಕೋರಿ."

ಅವರು ಮೊದಲನೆಯದನ್ನು ಬರೆದುಕೊಂಡರು. ಎರಡನೆಯದಕ್ಕೆ ಈ ಕಾಗದದಲ್ಲಿ ಕಾಲಂ ಇಲ್ಲಮ್ಮಾ ಎಂದರು. ಮಾಲಕರು ಗಂಟಲು ಸರಿಮಾಡಿಕೊಂಡರು.

"ಅಂಚಿನ್ಯಾಗ ಬರೀರಿ ಸಾಹೇಬರ" ಎಂದರು. "ನಮ್ಮ ಡ್ರೈವರ್ ಹೇಳ್ತಾಳಲ್ಲ."